ಬೆನ್ನಿಗೊಂದು ಹೆಸರು

ಈ ಸಭೆಯ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ, ನಮ್ಮ ಬಾವಿಕಟ್ಟೆ ಹುಲಿವೇಷ ತಂಡದ ಮಾನ್ಯ ಅಧ್ಯಕ್ಷರಾದ ಶ್ರೀ ಜಯಕರ ಸಾಲ್ಯಾನರೇ, ಮಳೆಯನ್ನೂ ಲೆಕ್ಕಿಸದೆ ಮಣಿಪಾಲದಿಂದ ಇಳಿದು ಬಂದಿರುವ ಮುಖ್ಯ ಅತಿಥಿಗಳೇ, ವೇದಿಕೆಯ ಹಿರಿಯರೇ, ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ಎಲ್ಲವನ್ನೂ ಹೊತ್ತುಕೊಂಡು ನನ್ನ ಬಲಗಡೆ ನಿಂತಿರುವ ನಮ್ಮ ಭಾಸ್ಕರಣ್ಣನ ಮಗಳೇ, ಫ್ಯಾನಿನ ಅಡಿಯಲ್ಲಿ ಜಾಗ ಸಿಕ್ಕಿದ ಸಭಿಕರೇ, ಸಿಗದೆ ಬಾಗಿಲ ಬಳಿ ಒತ್ತಿಕೊಂಡು ನಿಂತಿರುವ ಸಭಿಕರೇ, ತಾಸೆ ಡೋಲಿನ ಬಂಧುಗಳೇ, ಈ ವರ್ಷದ ಹುಲಿಗಳೇ, ನನ್ನ ಹಾಗೆ ಹಲ್ಲು ಹೋದ ಹಳೆಯ ಹುಲಿಗಳೇ.

ನಿರೂಪಕಿ ಸೌಮ್ಯಶ್ರೀಯವರು ನನ್ನನ್ನು ಪರಿಚಯಿಸುವಾಗ 'ಎಲ್ಲರಿಗೂ ಗೊತ್ತಿರುವ ಹುಲಿ ಕಂಡಕ್ಟರ್' ಎಂದರು. ಅಷ್ಟೇ ಎಂದರು. ಅಷ್ಟು ಸಾಕು ಎಂದು ಅವರಿಗೂ ಗೊತ್ತು, ನಿಮಗೂ ಗೊತ್ತು. ಕಾರ್ಕಳ–ಉಡುಪಿ ಬಸ್ಸಿನಲ್ಲಿ ನನ್ನಿಂದ ಟಿಕೆಟ್ ತೆಗೆದುಕೊಳ್ಳದವರು ಈ ಸಭೆಯಲ್ಲಿ ಯಾರಿದ್ದೀರಿ? ಚಿಲ್ಲರೆ ವಾಪಸ್ ಸಿಗದವರು ದಯವಿಟ್ಟು ಕೈ ಎತ್ತಬೇಡಿ, ಇದು ಸನ್ಮಾನ ಸಮಾರಂಭ.

ಸಭಿಕರೇ, ನನಗೆ ಇವತ್ತು ಎರಡು ಕೆಲಸ ವಹಿಸಿದ್ದಾರೆ. ಒಂದು, ಅಭಿನಂದನಾ ಭಾಷಣ. ಭಾಸ್ಕರಣ್ಣನ ಮಗಳ ಚಿತ್ರಗಳಿಗೆ ದೆಹಲಿಯಲ್ಲಿ ಪ್ರಶಸ್ತಿ ಬಂದಿದೆ. ಪೇಪರಿನಲ್ಲಿ ಫೋಟೋ ಬಂದಿದೆ. ನಮ್ಮೂರಿಗೆ ಹೆಮ್ಮೆಯಾಗಿದೆ. ಇದು ಸುಲಭದ ಕೆಲಸ. ಇನ್ನೊಂದು ಕೆಲಸ ಈ ಭಾಷಣದ ಕೊನೆಗೆ ಉಂಟು. ನೀವು ಮೇಜಿನ ಮೇಲೆ ನೋಡುತ್ತಿದ್ದೀರಿ, ತಟ್ಟೆಯಲ್ಲಿ ಬೆಳ್ಳಿಯ ಹಿಡಿ ಹಾಕಿಸಿದ ಒಂದು ಕುಂಚವನ್ನು ಇಟ್ಟಿದ್ದಾರೆ. ಭಾಸ್ಕರಣ್ಣನ ಮಗಳು ಈ ಕುಂಚವನ್ನು ಸ್ವೀಕರಿಸಬೇಕು, ಈ ಅಷ್ಟಮಿಯಿಂದ ನಮ್ಮ ತಂಡದ ಹುಲಿಗಳಿಗೆ ಅವಳೇ ಬಣ್ಣ ಬರೆಯಬೇಕು ಎಂದು ನಿಮ್ಮೆಲ್ಲರ ಪರವಾಗಿ, ಮೈಕಿನಲ್ಲಿ, ನಾನು ಕೇಳಿಕೊಳ್ಳಬೇಕು. ಸಭೆ ಚಪ್ಪಾಳೆ ತಟ್ಟಬೇಕು. ಅವಳು ಒಪ್ಪಬೇಕು. ಕುಂಚ ಕೈಗೆ ಬರುವ ತನಕ ಹುಲಿಯ ಹಾಗೆ ಅವಳೂ ನಿಂತೇ ಇರಬೇಕು, ಅದು ನೋಡಲಿಕ್ಕೆ ಚಂದ ಎಂದು ಸಮಿತಿಯವರು ತೀರ್ಮಾನಿಸಿದ್ದಾರೆ. ಆದ್ದರಿಂದ ಪಾಪ, ಹಣ್ಣಿನ ಬುಟ್ಟಿಯ ಸಮೇತ ನಿಂತಿದ್ದಾಳೆ. ಬುಟ್ಟಿಯಲ್ಲಿ ಒಂದು ಅನಾನಸ್ ಬೇರೆ ಉಂಟು. ಯಾರಾದರೂ ಅದನ್ನಾದರೂ ಹಿಡಿದುಕೊಳ್ಳಿ. ಹಾಂ, ಧನ್ಯವಾದ.

ಈ ಕೆಲಸಕ್ಕೆ ನನ್ನನ್ನೇ ಏಕೆ ಆರಿಸಿದರು? ನಾನು ವಿದ್ವಾಂಸನೇ? ಅಲ್ಲ. ದಾನಿಯೇ? ಖಂಡಿತ ಅಲ್ಲ. ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ಹೇಳಿದ ಮಾತನ್ನು ಹಾಗೆಯೇ ಒಪ್ಪಿಸುತ್ತೇನೆ: "ಹುಲಿ ಕಂಡಕ್ಟರ್ ಕೇಳಿದರೆ ಅವಳು ಇಲ್ಲ ಅನ್ಲಿಕ್ಕಿಲ್ಲ. ಅವಳ ಅಪ್ಪನ ಬಣ್ಣ ಅತಿ ಹೆಚ್ಚು ಸಲ ಮೈಮೇಲೆ ಹಾಕಿಕೊಂಡವನು ಅವನೇ ಅಲ್ವಾ?" ಹೌದು, ಅದು ನಿಜ. ನಾನು ಒಪ್ಪಿಕೊಂಡೆ.

ಭಾಸ್ಕರಣ್ಣ ಯಾರು ಎಂದು ಈ ಊರಿನಲ್ಲಿ ಹೇಳಬೇಕೇ? ಆದರೂ ಅತಿಥಿಗಳಿಗಾಗಿ ಹೇಳುತ್ತೇನೆ. ಅಷ್ಟಮಿ ಎಂದರೆ ಉಡುಪಿ, ಉಡುಪಿ ಎಂದರೆ ಹುಲಿವೇಷ, ಹುಲಿವೇಷ ಎಂದರೆ ಬಾವಿಕಟ್ಟೆ, ಬಾವಿಕಟ್ಟೆ ಎಂದರೆ ಭಾಸ್ಕರಣ್ಣ. ಇದು ನಮ್ಮ ಅಭಿಪ್ರಾಯ. ಬೇರೆ ತಂಡದವರದು ಬೇರೆ ಇರಬಹುದು, ಅವರಿಗೆ ಮೈಕ್ ಸಿಕ್ಕಿದಾಗ ಹೇಳಲಿ. ಒಂದು ಕುಂಚ ಹಿಡಿದು ಮನುಷ್ಯನ ಮೈಯ ಮೇಲೆ ಅವರು ಹುಲಿ ಬರೆಯುತ್ತಿದ್ದರು. ಪಟ್ಟೆಯ ಹುಲಿ, ಮೈತುಂಬ ಚುಕ್ಕೆಯ ಚಿಟ್ಟೆ ಹುಲಿ, ಕರಿ ಹುಲಿ. ಹೊಟ್ಟೆಯ ಮೇಲೆ ಒಂದು ಹುಲಿಯ ಮುಖ. ನಾವು ಉಸಿರು ಎಳೆದರೆ ಅದು ಬಾಯಿ ತೆರೆಯುತ್ತಿತ್ತು, ಬಿಟ್ಟರೆ ಮುಚ್ಚುತ್ತಿತ್ತು. ಮಕ್ಕಳು ಹೆದರಿ ತಾಯಂದಿರ ಸೆರಗು ಹಿಡಿಯುತ್ತಿದ್ದರು. ರಥಬೀದಿಯಲ್ಲಿ ಜನ ಹುಲಿಯ ಪಟ್ಟೆ ನೋಡಿಯೇ 'ಇದು ಭಾಸ್ಕರಣ್ಣನ ಹುಲಿ' ಎನ್ನುತ್ತಿದ್ದರು.

ಗಮನಿಸಿ, ಭಾಸ್ಕರಣ್ಣನ ಹುಲಿ ಎನ್ನುತ್ತಿದ್ದರು. ಒಳಗೆ ಯಾರಿದ್ದಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಬಾರದು ಕೂಡ. ಅದು ನಮ್ಮ ತಂಡದ ಕಟ್ಟು. ಬೇರೆ ತಂಡಗಳಲ್ಲಿ ಇಲ್ಲ, ನಮ್ಮಲ್ಲಿ ಮಾತ್ರ ಉಂಟು. ಮುಖಕ್ಕೆ ಬಣ್ಣ ಬಿದ್ದ ಮೇಲೆ ಆ ಮನುಷ್ಯನನ್ನು ಯಾರೂ ಹೆಸರು ಹಿಡಿದು ಕರೆಯಬಾರದು. ಹೆಂಡತಿಯಾಗಲಿ, ಅಣ್ಣತಮ್ಮಂದಿರಾಗಲಿ, ಸಾಲಗಾರರಾಗಲಿ. ನೀರು ಬೇಕಾದರೆ 'ಹುಲಿಗೆ ನೀರು ಕೊಡಿ' ಎನ್ನಬೇಕು. ಎಂತ ಕಾರಣ ಎಂದು ನಾನು ಒಮ್ಮೆ ಭಾಸ್ಕರಣ್ಣನನ್ನು ಕೇಳಿದ್ದೆ. ಹೆಸರು ಕರೆದರೆ ಒಳಗಿನವನು ತಿರುಗಿ ನೋಡುತ್ತಾನೆ, ಅವನು ತಿರುಗಿದರೆ ಹುಲಿ ನಿಂತುಹೋಗುತ್ತದೆ ಎಂದಿದ್ದರು.

ಬಣ್ಣ ಹಾಕಿಸಿಕೊಳ್ಳುವುದೆಂದರೆ ಎಂತ ಎಂದು ಹಾಕಿಸಿಕೊಂಡವರಿಗೇ ಗೊತ್ತು. ಬಾವಿಕಟ್ಟೆಯ ಪಕ್ಕದಲ್ಲಿ ಎರಡು ಕಂಬ, ಕಂಬಗಳ ನಡುವೆ ಅಡ್ಡಕ್ಕೆ ಒಂದು ಬಿದಿರು. ಬಿದಿರಿನ ಮೇಲೆ ಎರಡೂ ತೋಳು ಚಾಚಿ ನಾವು ನಿಲ್ಲಬೇಕು. ಮೊದಲು ಬಿಳಿ ಬಳಿಯುತ್ತಾರೆ. ಆ ತಣ್ಣನೆಯ ಎನಾಮಲ್ ಬೆನ್ನಿಗೆ ತಾಗಿದ ಕೂಡಲೇ ಮೈಯೆಲ್ಲ ಜುಮ್ಮೆಂದು ರೋಮ ಏಳುತ್ತದೆ. ಆಮೇಲೆ ಹಳದಿ. ಅದು ಒಣಗಬೇಕು. ಆಮೇಲೆ ಕಪ್ಪು ಪಟ್ಟೆ. ಪಟ್ಟೆ ಎಳೆಯಲು ಶಿರ್ವದ ಬ್ಯಾಪ್ಟಿಸ್ಟ್ ಪೊರ್ಬುಗಳು ಬರುತ್ತಿದ್ದರು. ಕ್ರಿಶ್ಚಿಯನ್ ಹಿರಿಯರನ್ನು ನಮ್ಮಲ್ಲಿ ಮರ್ಯಾದೆಗೆ ಪೊರ್ಬುಗಳು ಎನ್ನುವುದು; ಅವರು ಊರೂರಿನ ಅಂಗಡಿಗಳಿಗೆ ಬೋರ್ಡ್ ಬರೆಯುವವರು, ಭಾಸ್ಕರಣ್ಣನ ಜತೆಗಾರರು. ಅಲ್ಲಿ ಮೂಲೆಯಲ್ಲಿ ಕುಳಿತಿದ್ದಾರೆ ನೋಡಿ. ಕೈಕಾಲು, ಬೆನ್ನು, ಸೊಂಟ ಪೊರ್ಬುಗಳದು, ಮುಖ ಮತ್ತು ಹೊಟ್ಟೆ ಭಾಸ್ಕರಣ್ಣನದು. ಮುಗಿಯುವಾಗ ಬೆಳಕು ಹರಿಯುತ್ತಿತ್ತು. ಅಷ್ಟು ಹೊತ್ತೂ ಕೂರುವ ಹಾಗಿಲ್ಲ, ಕೂತರೆ ಬಣ್ಣ ಅಂಟಿಕೊಳ್ಳುತ್ತದೆ, ಒರಗುವ ಹಾಗೆಯೂ ಇಲ್ಲ. ನಿಂತಲ್ಲೇ ನಿದ್ರೆ.

ಆ ನಿದ್ರೆಯ ಬಗ್ಗೆ ಹೇಳಬೇಕೆಂದು ನಾನು ಬರೆದುಕೊಂಡು ಬಂದಿಲ್ಲ. ಆದರೂ ಹೇಳಿಬಿಡುತ್ತೇನೆ. ಅದು ಪೂರ್ತಿ ನಿದ್ರೆಯಲ್ಲ. ಕಣ್ಣು ಅರ್ಧ ಮುಚ್ಚಿರುತ್ತದೆ. ಬಾವಿಯ ರಾಟೆ ಕಾಣುತ್ತದೆ, ಅದರಾಚೆ ಬೇರೆಯೇ ಎಂತದೋ ಕಾಣುತ್ತದೆ. ಬಣ್ಣ ಒಣಗುತ್ತಾ ಚರ್ಮವನ್ನು ಮೆಲ್ಲಗೆ ಎಳೆಯುತ್ತದೆ. ಎಲ್ಲೋ ದೂರದಲ್ಲಿ ಇನ್ನೊಂದು ತಂಡದ ತಾಸೆ ಬಡಿದುಕೊಳ್ಳುತ್ತದೆ, ನಿಲ್ಲುತ್ತದೆ. ನನಗೆ ಪ್ರತಿ ವರ್ಷವೂ ಒಂದೇ ಕನಸು ಬೀಳುತ್ತಿತ್ತು. ನನ್ನ ಬಸ್ಸು ಕಾರ್ಕಳದಿಂದ ಹೊರಡುತ್ತದೆ. ಬೈಲೂರು, ಹಿರಿಯಡ್ಕ, ಪರ್ಕಳ, ಮಣಿಪಾಲ ಎಲ್ಲ ಸರಿಯಾಗಿಯೇ ಬರುತ್ತದೆ. ಉಡುಪಿಯಲ್ಲಿ ಮಾತ್ರ ನಿಲ್ಲುವುದಿಲ್ಲ. ನೇರ ಕಾಪುವಿಗೆ ಹೋಗುತ್ತದೆ. ನನ್ನ ಬಸ್ಸು ಯಾವತ್ತೂ ಕಾಪುವಿಗೆ ಹೋದದ್ದಲ್ಲ, ಆದರೆ ಕನಸಿಗೆ ಪರ್ಮಿಟ್ ಬೇಡ ಅಲ್ವಾ? ದೀಪಸ್ತಂಭದ ಪಕ್ಕದಿಂದ ಇಳಿದು ಬಸ್ಸು ಸಮುದ್ರದ ಮೇಲೆ ಹೋಗುತ್ತದೆ. ಮುಳುಗುವುದಿಲ್ಲ. ಕಿಟಕಿಯಿಂದ ನೀರಿನ ವಾಸನೆ ಬರುತ್ತದೆ. ಒಳಗೆ ಪ್ರಯಾಣಿಕರೆಲ್ಲ ನಿಂತಿದ್ದಾರೆ, ಸೀಟುಗಳೆಲ್ಲ ಖಾಲಿ. ನಾನು ಟಿಕೆಟ್ ಟಿಕೆಟ್ ಎಂದು ಹೋಗುತ್ತೇನೆ. ಯಾರೋ ಹಿಂದಿನಿಂದ ನನ್ನನ್ನು ಕರೆಯುತ್ತಾರೆ. ಕರೆಯುತ್ತಾರೆ ಎಂದು ಗೊತ್ತಾಗುತ್ತದೆ, ಎಂತ ಎಂದು ಕರೆದರು ಎಂದು ಕೇಳಿಸುವುದಿಲ್ಲ. ತಿರುಗಿ ನೋಡುವಷ್ಟರಲ್ಲಿ ಭಾಸ್ಕರಣ್ಣ ಗಲ್ಲ ಹಿಡಿದು ಮುಖ ಮೇಲೆತ್ತುತ್ತಿದ್ದರು. ಕಣ್ಣಿನ ಸುತ್ತ ಬರೆಯಲಿಕ್ಕೆ.

ಆಮೇಲೆ ಎರಡು ದಿನ ಕುಣಿತ. ಹಲ್ಲಿನಲ್ಲಿ ಅಕ್ಕಿಮುಡಿ ಕಚ್ಚಿ ಹಿಂದಕ್ಕೆ ಎಸೆದದ್ದು, ಕುರಿ ಎತ್ತಿದ್ದು, ಎಲ್ಲ ನಿಮಗೆ ಗೊತ್ತಿದೆ. ಅಷ್ಟಮಿಯ ಮರುದಿನ, ವಿಟ್ಲಪಿಂಡಿಯ ಸಂಜೆ, ಬಾವಿಕಟ್ಟೆಗೆ ಬಂದು ನಿಂತರೆ ಭಾಸ್ಕರಣ್ಣನೇ ಬಣ್ಣ ತೆಗೆಯುತ್ತಿದ್ದರು. ಸೀಮೆಎಣ್ಣೆ, ಮತ್ತೆ ತೆಂಗಿನೆಣ್ಣೆ, ಮತ್ತೆ ಸಾಬೂನು, ತೆಂಗಿನ ನಾರು. ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಬಿಸಿನೀರು ಹೊಯ್ದು, ಮುಖ ಒರೆಸಿ, ಒಮ್ಮೆ ಸರಿಯಾಗಿ ನೋಡಿ, ಅವರು ಹೆಸರು ಹಿಡಿದು ಕರೆಯುತ್ತಿದ್ದರು. ಆಮೇಲೆ, ಇನ್ನು ಕೂತ್ಕೋ ಎನ್ನುತ್ತಿದ್ದರು. ಅದೂ ಕಟ್ಟಿನದೇ ಭಾಗ. ಬಣ್ಣ ಹಾಕಿದವನೇ ಹೆಸರು ವಾಪಸ್ ಕೊಡಬೇಕು. ಹೆಸರು ಕಿವಿಗೆ ಬಿದ್ದ ಮೇಲೆಯೇ ಕೂರಬೇಕು. ಆ ಕಲ್ಲಿನ ಮೇಲೆ ಕೂರುವಾಗ ಆಗುತ್ತಿದ್ದ ಸುಖ, ಸಭಿಕರೇ, ನನಗೆ ಮದುವೆಯ ದಿನವೂ ಆಗಿರಲಿಲ್ಲ. ನನ್ನ ಹೆಂಡತಿ ಪ್ರಫುಲ್ಲಾ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ, ಅವಳಿಗೆ ಈ ಮಾತು ಹೊಸತಲ್ಲ.

ಮದುವೆಯ ಮಾತು ಬಂತು. ನನ್ನ ಮದುವೆಯ ಕಾಗದದಲ್ಲಿಯೇ ಆವರಣ ಹಾಕಿ 'ಬಾವಿಕಟ್ಟೆ ಹುಲಿ' ಎಂದು ಅಚ್ಚು ಹಾಕಿಸಿದ್ದರು, ನೆಂಟರಿಗೆ ಗೊತ್ತಾಗಲಿ ಎಂದು. ಬಸ್ಸಿನಲ್ಲಿ 'ಹುಲಿ, ಒಂದು ಮಣಿಪಾಲ ಕೊಡಿ' ಎನ್ನುತ್ತಿದ್ದರು. ಡ್ರೈವರು 'ಹುಲಿ, ರೈಟ್ ಹೇಳು ಮಾರಾಯ' ಎನ್ನುತ್ತಿದ್ದ. ನನಗೆ ಸಿಟ್ಟಿರಲಿಲ್ಲ, ಹೆಮ್ಮೆಯೇ ಇತ್ತು. ಮನೆಯಲ್ಲಿ ಪ್ರಫುಲ್ಲಾ ನಮ್ಮ ಕಾಲದ ಹೆಂಗಸರ ಹಾಗೆ 'ಇವರು' ಎನ್ನುತ್ತಾಳೆ, ತೀರ ಕೋಪ ಬಂದರೆ 'ಕೇಳಿತಾ' ಎನ್ನುತ್ತಾಳೆ. ಅಪ್ಪ ಅಮ್ಮ ಇರುವ ತನಕ ಅವರು ಕರೆದರು. ಅವರು ಹೋದರು. ಆಮೇಲೆ ನನ್ನ ಹೆಸರನ್ನು ಬಾಯಿಬಿಟ್ಟು ಕರೆಯುವವರು ಭೂಮಿಯ ಮೇಲೆ ಒಬ್ಬರೇ ಉಳಿದದ್ದು. ವರ್ಷಕ್ಕೆ ಒಮ್ಮೆ, ವಿಟ್ಲಪಿಂಡಿಯ ಸಂಜೆ, ಬಾವಿಯ ಪಕ್ಕ. ಅದಕ್ಕಾಗಿಯೇ ನಾನು ವಯಸ್ಸಾದರೂ ವೇಷ ಬಿಡಲಿಲ್ಲವೋ ಏನೋ. ಹರಕೆ, ಹರಕೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಎಂಥ ಹರಕೆ, ಯಾರಿಗೆ ಹರಕೆ?

ಇದು ವಿಷಯಾಂತರವಾಯಿತು, ಕ್ಷಮಿಸಿ. ಸೌಮ್ಯಶ್ರೀಯವರು ಗಡಿಯಾರ ನೋಡುತ್ತಿದ್ದಾರೆ.

ಭಾಸ್ಕರಣ್ಣನ ಮಗಳ ಬಗ್ಗೆ ಹೇಳಬೇಕು. ಅವಳು ಸಣ್ಣವಳಿದ್ದಾಗಿನ ಒಂದು ಅಷ್ಟಮಿ. ನಮ್ಮ ತಂಡ ಬನ್ನಂಜೆಯ ರಸ್ತೆಯಲ್ಲಿ ಕುಣಿಯುತ್ತಿತ್ತು. ಒಂದೇ ಅಳತೆಯ, ಒಂದೇ ಬಣ್ಣದ ಹುಲಿಗಳು. ಮುಖವಾಡದ ಟೊಪ್ಪಿ ಹಾಕಿದ ಮೇಲೆ ನಮ್ಮ ಸ್ವಂತ ತಾಯಿಗೂ ನಮ್ಮ ಗುರುತು ಹತ್ತುವುದಿಲ್ಲ. ಜನ ಎರಡೂ ಬದಿ ತುಂಬಿದ್ದರು. ಅಂಗಡಿಯೊಂದರ ಮೆಟ್ಟಿಲ ಮೇಲೆ ತಾಯಿಯ ಕೈ ಹಿಡಿದುಕೊಂಡು ಈ ಹುಡುಗಿ ನಿಂತಿದ್ದಳು. ತಾಸೆಯವರು ಒಂದು ಪೆಟ್ಟು ಬಿಟ್ಟು ಉಸಿರು ತೆಗೆದುಕೊಂಡ ಆ ಒಂದು ಕ್ಷಣದಲ್ಲಿ, ಇಡೀ ಬನ್ನಂಜೆಗೆ ಕೇಳುವ ಹಾಗೆ ಕರೆದಳು: "ವಿಠಲ ಮಾಮಾ!"

ನಾನು ಕೂತುಬಿಟ್ಟೆ.

ನಗಬೇಡಿ. ಎಂತ ಮಾಡುವುದು? ಬಣ್ಣದ ಮೈಯಲ್ಲಿ ಹೆಸರು ಕೇಳಿದರೆ ಕೂರಬೇಕು ಎಂದು ಮೈಗೆ ಅಭ್ಯಾಸವಾಗಿತ್ತು. ನಡುರಸ್ತೆಯಲ್ಲಿ, ಹಸಿ ಡಾಂಬರಿನ ಮೇಲೆ, ಬಾಲದ ಸಮೇತ ಕೂತುಬಿಟ್ಟೆ. ಹುಲಿಗೆ ಹೃದಯಾಘಾತವಾಯಿತು ಎಂದು ಯಾರೋ ಕೂಗಿದರು. ಯಾರೋ ಸೋಡಾ ತಂದರು. ಡೋಲು ನಿಂತುಹೋಯಿತು. ಆ ವರ್ಷದ ಸ್ಪರ್ಧೆಯಲ್ಲಿ ನಮ್ಮ ತಂಡಕ್ಕೆ ಬಹುಮಾನ ಬರಲಿಲ್ಲ, ಏಕೆಂದರೆ ಮುಖ್ಯ ಹುಲಿಯ ಹಿಂಭಾಗದಲ್ಲಿ ಪಟ್ಟೆಯೇ ಇರಲಿಲ್ಲ, ರಸ್ತೆಯಲ್ಲಿ ಉಳಿದಿತ್ತು.

ಹುಡುಗಿಗೆ ಪೆಟ್ಟು ಬೀಳುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಭಾಸ್ಕರಣ್ಣ ಅವಳ ಎದುರು ಮೊಣಕಾಲೂರಿ, ಇಷ್ಟು ಹುಲಿಗಳಲ್ಲಿ ವಿಠಲನೇ ಎಂದು ಹೇಗೆ ಗೊತ್ತಾಯಿತು ಎಂದು ಮೆಲ್ಲಗೆ ಕೇಳಿದರು. "ಬೆನ್ನು ನೋಡಿ" ಎಂದಳು. ಮಾಮನ ಬೆನ್ನು ಒಂದು ಬದಿಗೆ ವಾಲುತ್ತದೆ, ಬಸ್ಸಿನಲ್ಲಿ ಕಂಬಕ್ಕೆ ಒರಗಿ ನಿಲ್ಲುತ್ತಾರಲ್ಲ, ಹಾಗೆ ಎಂದಳು. ಭಾಸ್ಕರಣ್ಣ ಎದ್ದು ನಿಂತು ನನ್ನ ಬೆನ್ನನ್ನು ಬಹಳ ಹೊತ್ತು ನೋಡಿದರು. ಅಷ್ಟು ವರ್ಷ ಬಣ್ಣ ಹಾಕಿದವರು, ಮೊದಲ ಸಲ ನೋಡಿದವರ ಹಾಗೆ ನೋಡಿದರು.

ಎರಡು ವರ್ಷದ ಹಿಂದೆ ಭಾಸ್ಕರಣ್ಣ ತೀರಿಕೊಂಡರು. ಆ ಮೇಲಿನ ಅಷ್ಟಮಿಗಳಿಗೆ ಬ್ಯಾಪ್ಟಿಸ್ಟ್ ಪೊರ್ಬುಗಳೇ ಪೂರ್ತಿ ಹುಲಿ ಬರೆದರು. ಚಂದವಾಗಿಯೇ ಬರೆದರು. ಆದರೂ ಜನ ಎಂತ ಹೇಳಿದರು? ಕಳೆ ಇಲ್ಲ ಎಂದರು. ಭಾಸ್ಕರಣ್ಣನ ರಕ್ತ ಬೇಕು ಎಂದರು. ಆಗ ಎಲ್ಲರಿಗೂ ಅವರ ಮಗಳ ನೆನಪಾಯಿತು. ಅವಳು ಚಿತ್ರಕಲೆ ಕಲಿತಿದ್ದಾಳೆ, ಕಾಪುವಿನಲ್ಲಿ ರೂಮು ಮಾಡಿ ಚಿತ್ರ ಬಿಡಿಸುತ್ತಾಳೆ, ಹುಲಿವೇಷದ ಮೇಲೆಯೇ ದೊಡ್ಡ ಸರಣಿ ಮಾಡಿದ್ದಾಳೆ, ಮಣಿಪಾಲದಲ್ಲಿ ಪ್ರದರ್ಶನ ಇಟ್ಟಿದ್ದಾಳೆ ಎಂದು ಸುದ್ದಿ ಬಂತು. ನಾವೆಲ್ಲ ಒಂದು ವ್ಯಾನ್ ಮಾಡಿಕೊಂಡು ನೋಡಲು ಹೋದೆವು. ಭಾಸ್ಕರಣ್ಣನ ಹುಲಿಗಳು ಗೋಡೆಯ ಮೇಲೆ ಎದ್ದು ಬಂದಿರುತ್ತವೆ ಎಂದು ಹೋದೆವು.

ಒಳಗೆ ತಣ್ಣಗೆ ಏಸಿ. ಬಿಳಿ ಗೋಡೆ. ಗೋಡೆಯ ತುಂಬ ದೊಡ್ಡ ದೊಡ್ಡ ಚಿತ್ರಗಳು. ಒಂದರಲ್ಲಿಯೂ ಹುಲಿ ಇಲ್ಲ.

ಎಲ್ಲ ಬೆನ್ನುಗಳು. ಬರಿಯ ಗಂಡಸರ ಬರಿಯ ಬೆನ್ನುಗಳು. ಬಣ್ಣ ತೊಳೆದ ಮರುದಿನದ ಬೆನ್ನುಗಳು. ನಾರಿನಿಂದ ಉಜ್ಜಿ ಕೆಂಪಾದ ಚರ್ಮ. ಕಿವಿಯ ಹಿಂದೆ ಹೋಗದೆ ಉಳಿದ ಒಂದಿಷ್ಟು ಹಳದಿ, ಕುತ್ತಿಗೆಯ ಮಡಿಕೆಯಲ್ಲಿ ಒಂದು ಕಪ್ಪು ಗೆರೆ. ಒಬ್ಬನು ಗೋಡೆಗೆ ಸಾರಣೆ ಮಾಡುತ್ತಿದ್ದಾನೆ. ಒಬ್ಬನು ಹೆಜಮಾಡಿಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆ ಎತ್ತುತ್ತಿದ್ದಾನೆ. ಯಾರಿಗೂ ಮುಖ ಇಲ್ಲ.

ಅಧ್ಯಕ್ಷರು ಬಾಗಿಲಲ್ಲಿಯೇ ನಿಂತು ಕೇಳಿದರು: "ಹುಲಿ ಎಲ್ಲಿ ಉಂಟು?" ಅಧ್ಯಕ್ಷರೇ, ಬೇಸರ ಮಾಡಬೇಡಿ, ನಾವೆಲ್ಲರೂ ಅದನ್ನೇ ಕೇಳಿದೆವು. ನಮ್ಮಲ್ಲಿ ಕೆಲವರು ಸಿಟ್ಟಾದರು. ಅಪ್ಪ ಹಾಕಿದ್ದನ್ನೆಲ್ಲ ಮಗಳು ಉಜ್ಜಿ ತೆಗೆದಿದ್ದಾಳೆ ಎಂದರು. ಇದು ಪರಂಪರೆಗೆ ಅವಮಾನ ಎಂದರು. ನಾನೂ ತಲೆಯಾಡಿಸಿದೆ. ಅವಳನ್ನು ತಂಡಕ್ಕೆ ಕರೆದುತಂದು ಕೈಗೆ ಕುಂಚ ಕೊಟ್ಟರೆ ಸರಿಹೋಗುತ್ತಾಳೆ ಎಂಬ ಆಲೋಚನೆ ಹುಟ್ಟಿದ್ದು ವಾಪಸ್ ಬರುವಾಗ, ಆ ವ್ಯಾನಿನಲ್ಲಿಯೇ.

ಆದರೆ ಹೊರಡುವ ಮೊದಲು ಒಂದು ಸಂಗತಿ ನಡೆಯಿತು. ಎಲ್ಲರೂ ಚಹಾಕ್ಕೆ ಹೋದಾಗ ನಾನು ಚಪ್ಪಲಿ ಹುಡುಕುತ್ತಾ ಒಳಗಿನ ಕೋಣೆಗೆ ಹೋದೆ. ಅಲ್ಲಿ ಒಂದೇ ಚಿತ್ರವಿತ್ತು. ಬಸ್ಸಿನೊಳಗಿನ ಕಂಬಕ್ಕೆ ಒರಗಿದ ಒಂದು ಬೆನ್ನು. ಖಾಕಿ ಅಂಗಿಯ ಕಾಲರಿನ ಮೇಲೆ ಕುತ್ತಿಗೆ. ಕುತ್ತಿಗೆಯಲ್ಲಿ ಹಳದಿ. ಅಂಗಿಯ ಒಳಗಿನ ಬೆನ್ನು ಒಂದು ಬದಿಗೆ ವಾಲಿದೆ. ಬಸ್ಸಿನ ಕಿಟಕಿಯಾಚೆ ನೀಲಿ ಉಂಟು. ಆಕಾಶವೋ ನೀರೋ ತಿಳಿಯುವುದಿಲ್ಲ. ಈ ಮನುಷ್ಯನನ್ನು ಎಲ್ಲೋ ನೋಡಿದ್ದೇನೆ ಎಂದುಕೊಂಡೆ. ಯಾರಿಗಾದರೂ ಅವರ ಬೆನ್ನಿನ ಗುರುತು ಇರುತ್ತದೆಯೇ? ಕೆಳಗೆ ಒಂದು ಸಣ್ಣ ಬಿಳಿ ಕಾರ್ಡು ಅಂಟಿಸಿದ್ದರು. ಕನ್ನಡಕ ಹಾಕಿಕೊಂಡು ಓದಿದೆ. 'ವಿಠಲ' ಎಂದಿತ್ತು. ಅಷ್ಟೇ ಇತ್ತು. ಹುಲಿ ಎಂದಿರಲಿಲ್ಲ, ಕಂಡಕ್ಟರ್ ಎಂದಿರಲಿಲ್ಲ.

ಹೊರಗೆ ಬಂದು ಉಳಿದ ಚಿತ್ರಗಳ ಕೆಳಗೆ ನೋಡಿದೆ. ಎಲ್ಲದರ ಕೆಳಗೂ ಹೆಸರಿತ್ತು. ನಮ್ಮ ಶೇಖರ, ನಮ್ಮ ರಮೇಶ, ಕಳೆದ ವರ್ಷ ತೀರಿಹೋದ ನಮ್ಮ ಗುಡ್ಡಪ್ಪ. ಅವರೆಲ್ಲರ ಹೆಸರನ್ನು ಅವಳು ಎಲ್ಲಿ ಕಲಿತಳು? ಬಾವಿಕಟ್ಟೆಯಲ್ಲಿ, ಅಪ್ಪ ಒಬ್ಬೊಬ್ಬರನ್ನಾಗಿ ಕರೆಯುವಾಗ, ಬಿಸಿನೀರಿನ ಚೆಂಬು ಹಿಡಿದುಕೊಂಡು ಪಕ್ಕದಲ್ಲಿ ನಿಂತು. ಗ್ಯಾಲರಿಯಲ್ಲಿ ಕುರ್ಚಿ ಇರಲಿಲ್ಲ, ನೆಲದಲ್ಲಿಯೇ ಕೂತುಬಿಟ್ಟೆ. ಚಪ್ಪಲಿ ಸಿಗಲಿಲ್ಲವಾ ಎಂದು ನಮ್ಮವರು ಕೇಳಿದರು. ಸಿಕ್ಕಿತು ಎಂದೆ.

ಇಷ್ಟಾದರೂ ಸಮಿತಿಯ ಮಾತಿಗೆ ನಾನು ಒಪ್ಪಿಕೊಂಡೆ. ಏಕೆ ಒಪ್ಪಿಕೊಂಡೆ? ತಂಡ ಉಳಿಯಬೇಕು ಎಂಬ ಆಸೆ. ಮತ್ತೆ, ಹೇಳಲು ನಾಚಿಕೆಯಾಗುತ್ತದೆ, ಅವಳು ಬಣ್ಣ ಹಾಕಿದರೆ ಬಣ್ಣ ತೆಗೆಯುವವಳೂ ಅವಳೇ ಅಲ್ವಾ? ಈ ಮುದಿ ವಯಸ್ಸಿನಲ್ಲಿ ಇನ್ನೊಂದು ಸಲ ವೇಷ ಹಾಕಿ ಬಾವಿಯ ಪಕ್ಕ ನಿಂತರೆ, ಅವಳು ಮುಖ ಒರೆಸಿ ಕರೆಯುತ್ತಾಳೆ ಎಂದು ಒಂದು ಆಸೆ ಹುಟ್ಟಿತು.

ಕಳೆದ ಆದಿತ್ಯವಾರ ಅವಳನ್ನು ನೋಡಲು ಕಾಪುವಿಗೆ ಹೋದೆ. ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ ಅವಳ ರೂಮು. ಕಿಟಕಿ ತೆರೆದರೆ ಸಮುದ್ರ. ಮಳೆಗಾಲದ ಸಮುದ್ರ, ಮಣ್ಣಿನ ಬಣ್ಣ, ಆಕಾಶಕ್ಕೂ ಅದಕ್ಕೂ ನಡುವೆ ಗೆರೆಯೇ ಇಲ್ಲ. ನನ್ನ ಬಸ್ಸು ಇಳಿಯುತ್ತಿದ್ದದ್ದು ಇಲ್ಲಿಯೇ ಎಂದು ನನಗೆ ಅನಿಸಿತು. ಅವಳು ಚಹಾ ಮಾಡಿದಳು. ಒಂದು ದೊಡ್ಡ ಕ್ಯಾನ್ವಾಸು ಗೋಡೆಗೆ ಒರಗಿತ್ತು. ಅದರಲ್ಲಿ ಇನ್ನೂ ಏನೂ ಇರಲಿಲ್ಲ, ಎರಡು ಕಂಬ ಮತ್ತು ಅಡ್ಡಕ್ಕೆ ಒಂದು ಬಿದಿರು ಮಾತ್ರ ಇತ್ತು. ಯಾರಿಗೆ ಎಂದು ಕೇಳಿದೆ. ಅಪ್ಪನಿಗೆ ಎಂದಳು. ಎಲ್ಲರನ್ನೂ ಅಲ್ಲಿ ನಿಲ್ಲಿಸಿದವರು ಅವರು, ಅವರು ಒಮ್ಮೆಯೂ ಅಲ್ಲಿ ನಿಂತವರಲ್ಲ, ಅವರ ಬೆನ್ನು ಹೇಗಿತ್ತು ಎಂದು ಅವಳಿಗೆ ನೆನಪಾಗುತ್ತಿಲ್ಲವಂತೆ. ದಿನಾ ಅದರ ಎದುರು ಕೂರುತ್ತಾಳಂತೆ.

ನಾನು ಕುಂಚದ ವಿಷಯ ತೆಗೆದೆ. ಸಭೆಯಲ್ಲಿ ಕೇಳುತ್ತೇವೆ ಎಂದೆ. ಅವಳು ಹೇಳಿದ್ದನ್ನು ನಾನು ಬಸ್ಸಿನಲ್ಲಿ ವಾಪಸ್ ಬರುವ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡೆ, ಆದ್ದರಿಂದ ತಪ್ಪಿಲ್ಲದೆ ಹೇಳಬಲ್ಲೆ.

"ಮಾಮ, ನೀವು ಮೈಕಿನಲ್ಲಿ ಕೇಳಿದರೆ ನಾನು ಇಲ್ಲ ಅನ್ನುವುದಿಲ್ಲ. ಅಪ್ಪನ ತಂಡ ಅದು. ಅಷ್ಟು ಜನರ ಎದುರು ಇಲ್ಲ ಅನ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಆದರೆ ನಾನು ಪಟ್ಟೆ ಎಳೆಯಲು ಶುರು ಮಾಡಿದರೆ ನನಗೆ ಮತ್ತೆ ಬೆನ್ನು ಕಾಣುವುದಿಲ್ಲ. ಅಪ್ಪನಿಗೂ ಕಾಣುತ್ತಿರಲಿಲ್ಲ, ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಈ ಚಿತ್ರ ಮುಗಿಯುವುದಿಲ್ಲ ಮಾಮ. ಕೇಳುವುದು ಬಿಡುವುದು ನಿಮ್ಮ ಕೈಯಲ್ಲಿ ಉಂಟು."

ಹೀಗೆ ಹೇಳಿ ಚಹಾದ ಲೋಟ ತೊಳೆಯಲು ಹೋದಳು.

ಸಭಿಕರೇ, ಈ ಭಾಷಣವನ್ನು ನಾನು ಉದ್ದ ಮಾಡುತ್ತಿದ್ದೇನೆ. ಉದ್ದೇಶಪೂರ್ವಕವಾಗಿಯೇ ಮಾಡುತ್ತಿದ್ದೇನೆ. ಮುಗಿದರೆ ಕೇಳಬೇಕಲ್ಲ? ಸೌಮ್ಯಶ್ರೀಯವರು ಈಗ ಚೀಟಿ ಕೊಟ್ಟಿದ್ದಾರೆ, 'ಕುಂಚದ ವಿಷಯಕ್ಕೆ ಬನ್ನಿ' ಎಂದು. ಬಂದೆ.

ಇಲ್ಲಿ ನಿಂತು ನಾನು ನಿಮ್ಮ ತಲೆಯ ಮೇಲಿನಿಂದ ಎದುರಿನ ಫ್ಲೆಕ್ಸನ್ನು ನೋಡುತ್ತಿದ್ದೇನೆ. 'ಹುಲಿ ಭಾಸ್ಕರಣ್ಣನವರ ಸುಪುತ್ರಿಗೆ ಸಾರ್ವಜನಿಕ ಸನ್ಮಾನ.' ಆಮಂತ್ರಣ ಪತ್ರದಲ್ಲಿಯೂ ಹಾಗೆಯೇ ಉಂಟು. ಈಗಷ್ಟೇ ಓದಿದ ಸನ್ಮಾನಪತ್ರದಲ್ಲಿಯೂ ಹಾಗೆಯೇ. ಅಧ್ಯಕ್ಷರು ಹಾಗೆಯೇ ಅಂದರು, ಅತಿಥಿಗಳು ಹಾಗೆಯೇ ಅಂದರು. ನಾನು? ಆರಂಭದಿಂದ ಇಷ್ಟು ಹೊತ್ತು ನಾನು ಎಂತ ಎಂದೆ? ಭಾಸ್ಕರಣ್ಣನ ಮಗಳು, ಭಾಸ್ಕರಣ್ಣನ ಮಗಳು. ಬೇರೆ ಏನಾದರೂ ಅಂದೆನೇ? ನೀವೇ ಹೇಳಿ. ನಮ್ಮೆಲ್ಲರನ್ನೂ ಹೆಸರು ಹಿಡಿದು ಬರೆದಿಟ್ಟವಳನ್ನು ಈ ಸಭೆಯಲ್ಲಿ ಒಬ್ಬರೂ ಹೆಸರು ಹಿಡಿದು ಕರೆದಿಲ್ಲ. ಶಾಲು ಹೊದೆಸಿದ್ದೇವೆ, ಪೇಟ ತೊಡಿಸಿದ್ದೇವೆ, ಹಾರ ಹಾಕಿದ್ದೇವೆ, ಕೂರಬೇಡ ಎಂದಿದ್ದೇವೆ. ಇದು ಬಣ್ಣವಲ್ಲದೆ ಮತ್ತೆ ಎಂತ?

ಅಧ್ಯಕ್ಷರೇ, ನೀವು ವಹಿಸಿದ ಎರಡನೆಯ ಕೆಲಸವನ್ನು ನಾನು ಮಾಡುವುದಿಲ್ಲ. ಬೇರೆ ಯಾರಾದರೂ ಮೈಕ್ ತೆಗೆದುಕೊಂಡು ಕೇಳುವ ಮೊದಲು ದಯವಿಟ್ಟು ನನ್ನ ಮಾತು ಪೂರ್ತಿಯಾಗಲಿ. ನಮ್ಮ ಹುಲಿಗಳಿಗೆ ಬಣ್ಣ ಹಾಕುವವರು ನಮಗೆ ಇದ್ದಾರೆ, ಬ್ಯಾಪ್ಟಿಸ್ಟ್ ಪೊರ್ಬುಗಳು ಈ ವರ್ಷದ ಹಳದಿಯನ್ನು ಆಗಲೇ ತಂದಿಟ್ಟಿದ್ದಾರೆ. ನಮಗೆ ಬೇಕಾದದ್ದು ಬಣ್ಣ ಹಾಕುವ ಕೈಯಲ್ಲ, ಭಾಸ್ಕರಣ್ಣ ಇನ್ನೂ ಇದ್ದಾರೆ ಎಂಬ ಸಮಾಧಾನ. ನನಗೂ ಅದೇ ಬೇಕಿತ್ತು. ಅವರು ಇಲ್ಲ, ಸಭಿಕರೇ. ಈ ಕುಂಚವನ್ನು ಪೊರ್ಬುಗಳಿಗೆ ಕೊಡಿ. ಬೆಳ್ಳಿಯ ಹಿಡಿ ಜಾರುತ್ತದೆ, ಅದನ್ನು ತೆಗೆಸಿ ಕೊಡಿ.

ನಮ್ಮ ಕಟ್ಟಿನ ಪ್ರಕಾರ ಬಣ್ಣ ಹಾಕಿದವನೇ ಹೆಸರು ವಾಪಸ್ ಕೊಡಬೇಕು. ಇವತ್ತಿನ ಬಣ್ಣ ಹಾಕಿದವರಲ್ಲಿ ನಾನೂ ಒಬ್ಬ. ಆದ್ದರಿಂದ ನನಗೆ ಆ ಹಕ್ಕು ಉಂಟು. ಸ್ವಲ್ಪ ಹತ್ತಿರ ಬಾ ಮಗಾ. ಈ ಪೇಟ ತೆಗೆಯುತ್ತೇನೆ. ಈ ಹಾರ. ಹಣೆ ಬೆವರಿದೆ, ನನ್ನ ಶಾಲು ಒಗೆದದ್ದು, ಹೆದರಬೇಡ, ಒರೆಸುತ್ತೇನೆ. ಇಲ್ಲಿ ನೋಡು.

ಅಕ್ಷಿತಾ.

ಇನ್ನು ಕೂತ್ಕೋ.

ಕೂತಳು. ನೋಡಿದಿರಾ, ಕೂತಳು. ಅಳಬೇಡ ಮಾರಾಯ್ತಿ, ಫೋಟೋದವರು ಇದ್ದಾರೆ. ಅಪ್ಪನ ಬೆನ್ನು ನೆನಪಾಗಲಿಲ್ಲ ಎಂದಿದ್ದೆಯಲ್ಲ? ಹೊಟ್ಟೆಯ ಮೇಲೆ ಹುಲಿ ಬರೆಯುವಾಗ ಅವರು ಬಗ್ಗಿ ನಿಲ್ಲುತ್ತಿದ್ದರು. ನಾನು ಬಿದಿರಿನ ಮೇಲೆ ತೋಳು ಚಾಚಿ ಅರ್ಧ ನಿದ್ರೆಯಲ್ಲಿ ಕೆಳಗೆ ನೋಡಿದರೆ ಕಾಣುತ್ತಿದ್ದದ್ದು ಅವರ ಬೆನ್ನೇ. ಬೆಳಕು ಹರಿಯುವಾಗ, ಬನಿಯನ್ನಿನ ಬಲಗಡೆ ಒಂದು ತೂತು, ತೂತಿನಲ್ಲಿ ಒಂದು ಕಪ್ಪು ಮಚ್ಚೆ. ನಾನು ಬೇರೆ ಯಾರ ಬೆನ್ನನ್ನೂ ಅಷ್ಟು ನೋಡಿಲ್ಲ. ನಾಳೆ ಕಾಪುವಿಗೆ ಬರುತ್ತೇನೆ, ಕೂತು ಎಲ್ಲ ಹೇಳುತ್ತೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಎಲ್ಲರಿಗೂ, ಅವಕಾಶ ಕೊಟ್ಟು ಈಗ ಪಶ್ಚಾತ್ತಾಪ ಪಡುತ್ತಿರುವ ಸಮಿತಿಗೂ, ಚೀಟಿ ಕೊಟ್ಟ ಸೌಮ್ಯಶ್ರೀಯವರಿಗೂ, ಅನಾನಸ್ ಹಿಡಿದುಕೊಂಡು ನಿಂತ ಆ ಪುಣ್ಯಾತ್ಮರಿಗೂ ನನ್ನ ಹೃತ್ಪೂರ್ವಕ ವಂದನೆಗಳು. ನಿರೂಪಕಿಯವರು ಪರಿಚಯದಲ್ಲಿ ಬಿಟ್ಟ ಒಂದು ಮಾತು ಬಾಕಿ ಉಂಟು. ಇಲ್ಲಿಯ ತನಕ ನಿಮ್ಮ ಮುಂದೆ ಮಾತನಾಡಿದವನ ಹೆಸರು ವಿಠಲ.

ನಮಸ್ಕಾರ.